ತೋಟದ ನಡುವಿನ ಶಾಲೆಗೆ ಸ್ಟೆಲೇರಿಯಂ: ಪರದೆಯ ಆಕಾಶಕ್ಕೂ ನಮ್ಮ ಆಕಾಶಕ್ಕೂ ತಾಳೆ ಹಾಕೋದು ಹೇಗೆ?

ಮೂಡಿಗೆರೆ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡ್ತೀನಿ. ಎಂಟು, ಒಂಬತ್ತನೇ ತರಗತಿ ಮಕ್ಕಳಿಗೆ ಆಕಾಶ ನೋಡೋದು ಕಲಿಸಬೇಕು ಅಂತ ಬಹಳ ದಿನದ ಆಸೆ. ದುರ್ಬೀನು ಕೊಳ್ಳುವಷ್ಟು ದುಡ್ಡು ಶಾಲೆಯಲ್ಲಿಲ್ಲ. ಹಾಗಾಗಿ ಕಂಪ್ಯೂಟರ್ ಪರದೆಯಲ್ಲೇ ಆಕಾಶ ತೋರಿಸೋ ಸ್ಟೆಲೇರಿಯಂ ಅನ್ನೋ ಉಚಿತ ತಂತ್ರಾಂಶವನ್ನು ಮನೆಯ ಲ್ಯಾಪ್‌ಟಾಪ್‌ಗೆ ಹಾಕಿಕೊಂಡು ತರಗತಿಯಲ್ಲಿ ತೋರಿಸ್ತಿದ್ದೀನಿ. ಮಕ್ಕಳಿಗೆ ತುಂಬಾ ಇಷ್ಟವಾಗಿದೆ. ತೊಂದರೆ ಶುರುವಾಗೋದು ಹೊರಗೆ ಬಂದಾಗ.

ಶಾಲೆಯ ಸುತ್ತ ಕಾಫಿ ತೋಟ, ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರಗಳು ಆಕಾಶ ಮುಟ್ಟಿವೆ. ಉತ್ತರಕ್ಕೆ ಗುಡ್ಡ. ಪರದೆಯ ಮೇಲೆ ಇಡೀ ಆಕಾಶ ಬಯಲಾಗಿ ಕಾಣುತ್ತೆ, ನಮ್ಮ ಅಂಗಳದಲ್ಲಿ ಅದರ ಅರ್ಧವೂ ಕಾಣಲ್ಲ. "ಸಾ, ಅಲ್ಲಿ ತೋರಿಸ್ದ ನಕ್ಷತ್ರ ಇಲ್ಲಿ ಎಲ್ಲೈತೆ?" ಅಂತ ಕೇಳ್ತಾರೆ. ಯಾವುದು ಮರದ ಹಿಂದಿದೆ, ಯಾವುದು ಇನ್ನೂ ಹುಟ್ಟಿಲ್ಲ ಅಂತ ಅವರಿಗೆ ಬಿಡಿಸಿ ಹೇಳಬೇಕಿದೆ.

ಇನ್ನೊಂದು ವಿಷಯ. ಈ ಕಡೆ ಆನೆ ಓಡಾಟ ಇದೆ. ಮಕ್ಕಳನ್ನು ರಾತ್ರಿ ಎಂಟೂವರೆ ಮೇಲೆ ಹೊರಗಿಟ್ಟುಕೊಳ್ಳೋ ಹಾಗಿಲ್ಲ, ಅದೂ ಪೋಷಕರು ಬಂದು ಕರಕೊಂಡು ಹೋಗೋದಾದರೆ ಮಾತ್ರ. ಸಿಗೋದು ಒಂದು ಒಂದೂಕಾಲು ಗಂಟೆ. ಅಷ್ಟರಲ್ಲಿ ಏನು ತೋರಿಸಬಹುದು ಅಂತ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳೋಕೆ ದಾರಿ ಇದೆಯಾ? ಶಾಲೆಯ ಕಂಪ್ಯೂಟರ್ ಹಳೇದು, ವಿಂಡೋಸ್ 7. ಇಂಟರ್‌ನೆಟ್ ಇಲ್ಲ. ಅದರಲ್ಲೂ ಇದು ಓಡುತ್ತಾ?

ಕಣದ ಮೇಲಿಂದ:

ಮೇಷ್ಟ್ರೇ, ನಿಮ್ಮ ಪ್ರಶ್ನೆ ಓದಿ ಸಂತೋಷವಾಯ್ತು. ನಾನು ಸಕಲೇಶಪುರದ ಹಾನುಬಾಳು ಕಡೆಯವಳು, ನಮ್ಮದು ಸಣ್ಣ ಕಾಫಿ ತೋಟ. ನೀವು ಹೇಳಿದ ಮರದ ಗೋಳು ನನಗೂ ಗೊತ್ತು. ಸ್ಟೆಲೇರಿಯಂನಲ್ಲೇ ಇದಕ್ಕೆ ಪರಿಹಾರ ಇದೆ, ಆದರೆ ಹೆಚ್ಚಿನವರು ಆ ಕಡೆ ಹೋಗೋದೇ ಇಲ್ಲ.

ಮೊದಲು ಎಫ್ 6 ಒತ್ತಿ ಜಾಗ ಸರಿ ಮಾಡಿಕೊಳ್ಳಿ. ನೆಟ್ ಇದ್ದಾಗ ತಂತ್ರಾಂಶ ತಾನಾಗಿ ಜಾಗ ಹುಡುಕಿಕೊಳ್ಳುತ್ತೆ. ನಮ್ಮ ಕಡೆಯ ಮೊಬೈಲ್ ನೆಟ್ಟಿಗೆ ಅದು ಬೆಂಗಳೂರು ಅಂತಲೋ ಇನ್ನೆಲ್ಲೋ ಅಂತಲೋ ತೋರಿಸೋದುಂಟು. ಆ ಟಿಕ್ ತೆಗೆದು, ಫೋನಿನ ನಕ್ಷೆಯಿಂದ ಶಾಲೆಯ ಅಕ್ಷಾಂಶ ರೇಖಾಂಶ ನೋಡಿ ಕೈಯಲ್ಲೇ ಹಾಕಿ. ಮೂಡಿಗೆರೆ ಅಂದರೆ ಸುಮಾರು 13.1 ಉತ್ತರ, 75.6 ಪೂರ್ವ. ಇದೇ ಜಾಗ ಸದಾ ಇರಲಿ ಅನ್ನೋ ಆಯ್ಕೆಯನ್ನೂ ಅಲ್ಲೇ ಟಿಕ್ ಮಾಡಿ.

ಈಗ ಮರದ ವಿಷಯ. ತಂತ್ರಾಂಶದ ಜೊತೆ ಬರೋ ಹುಲ್ಲುಗಾವಲಿನ ಚಿತ್ರ ನಮ್ಮೂರಿನದಲ್ಲ. ನಿಮ್ಮ ಅಂಗಳದ ದಿಗಂತವನ್ನು ನೀವೇ ಬರೆದು ಹಾಕಬಹುದು. ಬೇಕಾಗೋದು ನೋಟ್‌ಪ್ಯಾಡಿನಲ್ಲಿ ಬರೆದ ಒಂದು ಪಟ್ಟಿ. ಒಂದೊಂದು ಸಾಲಿನಲ್ಲಿ ಎರಡೆರಡು ಸಂಖ್ಯೆ: ಮೊದಲನೆಯದು ದಿಕ್ಕಿನ ಕೋನ (ಉತ್ತರ 0, ಪೂರ್ವ 90, ದಕ್ಷಿಣ 180, ಪಶ್ಚಿಮ 270), ಎರಡನೆಯದು ಆ ದಿಕ್ಕಿನಲ್ಲಿ ಮರವೋ ಗುಡ್ಡವೋ ಎಷ್ಟು ಡಿಗ್ರಿ ಎತ್ತರಕ್ಕಿದೆ ಅನ್ನೋದು. ಇದರ ಜೊತೆ ಹೆಸರು, ಬಗೆ ತಿಳಿಸೋ ನಾಲ್ಕೈದು ಸಾಲಿನ ಇನ್ನೊಂದು ಕಡತ. ಎರಡನ್ನೂ ಜಿಪ್ ಮಾಡಿ, ಎಫ್ 4 ಒತ್ತಿ ಲ್ಯಾಂಡ್‌ಸ್ಕೇಪ್ ಪುಟದಲ್ಲಿ ಸೇರಿಸಿದರೆ ಆಯ್ತು. ಈ ಬಗೆಗೆ ಪಾಲಿಗೋನಲ್ ಅಂತಾರೆ, ಫೋಟೋ ಗೀಟೋ ಏನೂ ಬೇಡ.

ಅಳತೆಯನ್ನು ಮಕ್ಕಳ ಕೈಯಲ್ಲೇ ಮಾಡಿಸಿ ಅಂತ ನನ್ನ ಒತ್ತಾಯ. ಹಗಲಲ್ಲೇ ಆಗೋ ಕೆಲಸ. ಜಾಮಿಟ್ರಿ ಬಾಕ್ಸಿನ ಕೋನಮಾಪಕ, ಅದರ ನಡುವಿನ ತೂತಿಗೆ ದಾರ, ದಾರದ ತುದಿಗೆ ಸಣ್ಣ ಕಲ್ಲು. ಕೋನಮಾಪಕವನ್ನು ತಲೆಕೆಳಗು ಹಿಡಿದು, ಅದರ ನೇರ ಅಂಚಿನ ಮೇಲೆ ಕಣ್ಣಿಟ್ಟು ಮರದ ತುದಿ ನೋಡಬೇಕು. ದಾರ 90ರಿಂದ ಎಷ್ಟು ಸರಿದಿದೆಯೋ ಅದೇ ಎತ್ತರದ ಕೋನ. ಪಕ್ಕದಲ್ಲಿ ಇನ್ನೊಬ್ಬ ಹುಡುಗ ಓದಿ ಹೇಳಬೇಕು, ಮೂರನೆಯವನು ಬರೆದುಕೊಳ್ಳಬೇಕು. ದಿಕ್ಕಿಗೆ ಫೋನಿನ ದಿಕ್ಸೂಚಿ ಸಾಕು. ನಮ್ಮ ಸೀಮೆಯಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದೆರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇಲ್ಲ. ಹತ್ತು ಹತ್ತು ಡಿಗ್ರಿಗೆ ಒಂದರಂತೆ ಸುತ್ತು ತಿರುಗಿದರೆ 36 ಅಳತೆ. ಒಂದು ಪಿರಿಯಡ್ಡಿನಲ್ಲಿ ಮುಗಿಯುತ್ತೆ.

ಇದರಿಂದ ಏನು ಲಾಭ ಅಂತ ನಮ್ಮ ಮನೆಯ ಲೆಕ್ಕದಲ್ಲೇ ಹೇಳ್ತೀನಿ. ಮನೆ ಮುಂದಿನ ಜಗಲಿಯಿಂದ ದಕ್ಷಿಣಕ್ಕೆ ಸಿಲ್ವರ್ ಓಕ್ ಸಾಲು 28 ಡಿಗ್ರಿ ಎತ್ತರಕ್ಕಿದೆ. ಅಗಸ್ತ್ಯ ನಕ್ಷತ್ರ (ಕ್ಯಾನೋಪಸ್) ಇಡೀ ಆಕಾಶದಲ್ಲಿ ಲುಬ್ಧಕ (ಸಿರಿಯಸ್) ಬಿಟ್ಟರೆ ಅತಿ ಹೆಚ್ಚು ಹೊಳೆಯೋ ನಕ್ಷತ್ರ, ಆದರೆ ನಮ್ಮ ಅಕ್ಷಾಂಶದಲ್ಲಿ ಅದು ಏರೋದೇ ಹೆಚ್ಚೆಂದರೆ 24 ಡಿಗ್ರಿ. ಅಂದರೆ ಜಗಲಿಯಲ್ಲಿ ಕೂತು ವರ್ಷವಿಡೀ ಕಾದರೂ ಅಗಸ್ತ್ಯ ಕಾಣಲ್ಲ. ಅದೇ ಕಾಫಿ ಒಣಗಿಸೋ ಕಣದ ನಡುವೆ ನಿಂತರೆ ದಕ್ಷಿಣದ ಮರ ಬರೀ 15 ಡಿಗ್ರಿ. ಅಲ್ಲಿಂದ ಅಗಸ್ತ್ಯ ಐದು ಗಂಟೆಗೂ ಹೆಚ್ಚು ಹೊತ್ತು ಕಾಣುತ್ತೆ. ಎರಡೂ ಜಾಗದ ದಿಗಂತ ಬರೆದು ಹಾಕಿದ ಮೇಲೆ ಪರದೆಯಲ್ಲೇ ಇದು ಸ್ಪಷ್ಟವಾಯ್ತು.

ಶಿಲುಬೆಯಾಕಾರದ ನಾಲ್ಕು ನಕ್ಷತ್ರಗಳ ತ್ರಿಶಂಕು ಪುಂಜದ್ದು ಇನ್ನೂ ಸೊಗಸು. ಮೇ ತಿಂಗಳ ಎರಡನೇ ವಾರ ರಾತ್ರಿ ಒಂಬತ್ತೂವರೆ ಹತ್ತರ ಸುಮಾರಿಗೆ ಅದು ದಕ್ಷಿಣದಲ್ಲಿ ನೆಟ್ಟಗೆ ನಿಲ್ಲುತ್ತೆ. ಮೇಲಿನ ನಕ್ಷತ್ರ 20 ಡಿಗ್ರಿ ಹತ್ತಿರ, ಬುಡದ್ದು 14ಕ್ಕೂ ಕಮ್ಮಿ. ನಮ್ಮ ಕಣದಿಂದ ನೋಡಿದರೆ ಮೇಲಿನ ಮೂರು ಕಾಣುತ್ತೆ, ಎಲ್ಲಕ್ಕಿಂತ ಪ್ರಕಾಶಮಾನವಾದ ಬುಡದ್ದೇ ಮರದ ಮರೆಗೆ ಹೋಗುತ್ತೆ. ತಂತ್ರಾಂಶ ಮೊದಲೇ ಹಾಗಂತ ತೋರಿಸಿತ್ತು, ಹೊರಗೆ ನಿಂತಾಗ ಹಾಗೇ ಇತ್ತು. ನಿಮ್ಮ ಮಕ್ಕಳಿಗೆ ಇಂಥದ್ದೊಂದು ತಾಳೆ ಸಿಕ್ಕಿಬಿಟ್ಟರೆ ಆಮೇಲೆ ಅವರೇ ಲ್ಯಾಪ್‌ಟಾಪ್ ಬಿಡಲ್ಲ.

ನಿಮಗೆ ಏಳೂಕಾಲರಿಂದ ಎಂಟೂವರೆ ತನಕ ಅಂತ ಹೇಳಿದ್ರಿ. ಮಾರ್ಚ್ ಮೊದಲ ವಾರ ಹಿಡಿಯಿರಿ. ಎಂಟೂಕಾಲರ ಹೊತ್ತಿಗೆ ಅಗಸ್ತ್ಯ ನೇರ ದಕ್ಷಿಣದಲ್ಲಿ ತನ್ನ ಗರಿಷ್ಠ ಎತ್ತರದಲ್ಲಿರುತ್ತೆ, ಅದರ ಮೇಲೆ 60 ಡಿಗ್ರಿಯಲ್ಲಿ ಲುಬ್ಧಕ, ಪಶ್ಚಿಮಕ್ಕೆ ವಾಲಿದ ಮಹಾವ್ಯಾಧ (ಓರಿಯನ್), ಇನ್ನೂ ಕೆಳಗೆ ರೋಹಿಣಿ, ಕೃತ್ತಿಕೆ. ಮುಷ್ಟಿ ಕಟ್ಟಿ ಕೈ ನೀಡಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅಗಸ್ತ್ಯ ಎರಡೂವರೆ ಮುಷ್ಟಿ, ಲುಬ್ಧಕ ಆರು ಮುಷ್ಟಿ. ಯಾವ ನಕ್ಷತ್ರದ ಮೇಲೆ ಕ್ಲಿಕ್ ಮಾಡಿದರೂ ದಿಕ್ಕು, ಎತ್ತರ ಎರಡೂ ಪರದೆಯ ಎಡಮೂಲೆಯಲ್ಲಿ ಬರುತ್ತೆ, ಅದನ್ನು ಮುಷ್ಟಿ ಲೆಕ್ಕಕ್ಕೆ ತಂದು ಚೀಟಿ ಬರೆದುಕೊಡಿ. ಅಂದಹಾಗೆ, ಫೆಬ್ರವರಿ ಮಾರ್ಚಿನಲ್ಲಿ ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಬಿದ್ದ ಮಾರನೇ ರಾತ್ರಿ ಮೋಡ ಇಲ್ಲದಿದ್ದರೆ ಬಿಡಬೇಡಿ. ಧೂಳೆಲ್ಲ ಕೂತಿರುತ್ತೆ, ಅಂಥ ಆಕಾಶ ವರ್ಷದಲ್ಲಿ ಮತ್ತೆ ಸಿಗೋದು ಕಷ್ಟ.

ಎಫ್ 4ರಲ್ಲೇ ಬೆಳಕಿನ ಮಾಲಿನ್ಯದ ಅಳತೆ ಇದೆ. ಬಾರ್ಟಲ್ ಮಾಪಕ ಅಂತ, 1ರಿಂದ 9. ಒಂದು ಅಂದರೆ ಕಡುಗತ್ತಲು, ಒಂಬತ್ತು ಅಂದರೆ ದೊಡ್ಡ ಪಟ್ಟಣದ ನಡುಮಧ್ಯ. ಇದನ್ನು ಏರಿಸಿ ಇಳಿಸಿ, ನಿಮ್ಮ ಅಂಗಳದಲ್ಲಿ ಕಾಣುವಷ್ಟೇ ನಕ್ಷತ್ರ ಪರದೆಯಲ್ಲೂ ಉಳಿಯೋ ಹಾಗೆ ಇಟ್ಟುಕೊಳ್ಳಿ. ಪರದೆ ತುಂಬ ಚುಕ್ಕೆ ಇದ್ದರೆ ಮಕ್ಕಳಿಗೆ ಗುರುತು ಸಿಗಲ್ಲ.

ಹಾಸನ ಲ್ಯಾಬ್:

ಹಳೇ ಕಂಪ್ಯೂಟರ್ ಬಗ್ಗೆ ನಾನು ಹೇಳ್ತೀನಿ ಸರ್. ನಾನು ಹಾಸನದಲ್ಲಿ ಕಂಪ್ಯೂಟರ್ ರಿಪೇರಿ ಮಾಡೋನು. ಸ್ಟೆಲೇರಿಯಂ ಡೌನ್‌ಲೋಡ್ ಪುಟದಲ್ಲಿ ವಿಂಡೋಸ್‌ಗೆ ಒಂದಕ್ಕಿಂತ ಹೆಚ್ಚು ಕಡತ ಇರುತ್ತೆ. ಕ್ಯೂಟಿ 6 ಅಂತ ಇರೋದು ವಿಂಡೋಸ್ 10 ಮತ್ತು ಅದರ ಮೇಲಿನದಕ್ಕೆ. ನಿಮಗೆ ಕ್ಯೂಟಿ 5 ಅಂತ ಇರೋದು ಬೇಕು, ಅದು ವಿಂಡೋಸ್ 7ರಲ್ಲಿ ಓಡುತ್ತೆ. ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ. ಒಮ್ಮೆ ಹಾಕಿದ ಮೇಲೆ ನೆಟ್ ಬೇಕಾಗಿಲ್ಲ, ಆರು ಲಕ್ಷದಷ್ಟು ನಕ್ಷತ್ರಗಳ ಪಟ್ಟಿ ಜೊತೆಗೇ ಬರುತ್ತೆ. ಹೆಚ್ಚಿನ ಪಟ್ಟಿ ಡೌನ್‌ಲೋಡ್ ಮಾಡ್ಕೋ ಅಂತ ಕೇಳಿದರೂ ನಿಮಗೆ ಬೇಡ, ಅವೆಲ್ಲ ದೊಡ್ಡ ದುರ್ಬೀನಿಗೆ ಕಾಣೋ ಮಂಕು ನಕ್ಷತ್ರಗಳು.

ತೆರೆದ ತಕ್ಷಣ ಕಪ್ಪು ಪರದೆ ಬಂದರೆ ಗ್ರಾಫಿಕ್ಸ್ ಸಾಲದು ಅಂತ ಅರ್ಥ. ಸ್ಟಾರ್ಟ್ ಮೆನುವಿನಲ್ಲಿ ಆ್ಯಂಗಲ್ ಮೋಡ್, ಮೆಸಾ ಮೋಡ್ ಅಂತ ಇನ್ನೆರಡು ಐಕಾನ್ ಇರುತ್ತೆ, ಒಂದೊಂದಾಗಿ ನೋಡಿ. ಮೆಸಾ ನಿಧಾನ, ಆದರೂ ತೆವಳಿಕೊಂಡು ಕೆಲಸ ಮಾಡುತ್ತೆ. ಅದೂ ಆಗದಿದ್ದರೆ ಕಾರ್ಟ್ಸ್ ಡು ಸಿಯೆಲ್ ಹಾಕಿ. ಅದೂ ಉಚಿತ, ತುಂಬಾ ಹಗುರ. ಚಂದ ಕಮ್ಮಿ, ಆದರೆ ನಕ್ಷೆ ಪ್ರಿಂಟ್ ತೆಗೆಯೋಕೆ ಸ್ಟೆಲೇರಿಯಂಗಿಂತ ಅದೇ ವಾಸಿ.

ಮಲೆನಾಡ ಹುಡುಗ:

ಇಷ್ಟೆಲ್ಲ ಯಾಕೆ ಸರ್? ಈಗ ಫೋನಿನಲ್ಲೇ ಆ್ಯಪ್ ಇದೆ. ಆಕಾಶದ ಕಡೆ ಎತ್ತಿ ಹಿಡಿದರೆ ಹೆಸರು ತೋರಿಸುತ್ತೆ. ಕೋನಮಾಪಕ, ದಾರ, ಕಲ್ಲು ಎಲ್ಲ ಕಟ್ಟಿಕೊಂಡು ಕೂರಬೇಕಾ?

ಕಣದ ಮೇಲಿಂದ:

ತಮ್ಮಾ, ಒಬ್ಬರೇ ನೋಡೋದಾದರೆ ಆ್ಯಪ್ ಒಳ್ಳೆಯದೇ, ನನ್ನ ಫೋನಿನಲ್ಲೂ ಇದೆ. ಆದರೆ ಮೇಷ್ಟ್ರ ಹತ್ತಿರ ಒಂದು ತರಗತಿ ಮಕ್ಕಳಿದ್ದಾರೆ, ಫೋನು ಒಂದು. ಕತ್ತಲಿಗೆ ಕಣ್ಣು ಹೊಂದಿಕೊಳ್ಳೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಬೆಳ್ಳಗಿನ ಪರದೆ ಒಂದು ಸಲ ಕಣ್ಣಿಗೆ ಬಿತ್ತು ಅಂದರೆ ಮತ್ತೆ ಮೊದಲಿಂದ. ಇರೋ ಒಂದೂಕಾಲು ಗಂಟೆ ಅದರಲ್ಲೇ ಹೋಗುತ್ತೆ. ಜೀಪಿನ ಪಕ್ಕ, ಶೀಟು ಹೊದಿಸಿದ ಶೆಡ್ಡಿನ ಪಕ್ಕ ನಿಂತರೆ ಫೋನಿನ ದಿಕ್ಸೂಚಿ ಎಲ್ಲೆಲ್ಲೋ ತಿರುಗುತ್ತೆ, ಆಗ ಆ್ಯಪ್ ತೋರಿಸಿದ ಹೆಸರೇ ತಪ್ಪು. ಅದಕ್ಕಿಂತ ಮುಖ್ಯ, ತಾನೇ ಅಳೆದು ತಾನೇ ಹುಡುಕಿದ ನಕ್ಷತ್ರವನ್ನು ಮಗು ಮರೆಯಲ್ಲ. ಫೋನು ಹೇಳಿದ ಹೆಸರು ಬೆಳಗಾಗೋದರೊಳಗೆ ಮರೆತಿರುತ್ತೆ. ಇದನ್ನು ನಮ್ಮ ಮನೆ ಮಕ್ಕಳಲ್ಲೇ ನೋಡಿದ್ದೀನಿ.

ಮೇಷ್ಟ್ರೇ, ಹೊರಗೆ ಲ್ಯಾಪ್‌ಟಾಪ್ ಒಯ್ಯಲೇಬೇಕಾದರೆ ಕಂಟ್ರೋಲ್ ಜೊತೆ ಎನ್ ಒತ್ತಿ, ಪರದೆ ಕೆಂಪಾಗುತ್ತೆ. ಟಾರ್ಚಿಗೂ ಕೆಂಪು ಜಿಲೆಟಿನ್ ಪೇಪರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ.

ಮೂಡಿಗೆರೆ ಮೇಷ್ಟ್ರು:

ಎಲ್ಲರಿಗೂ ಧನ್ಯವಾದ. ಅಳತೆ ಕೆಲಸ ಶುರು ಮಾಡಿಸಿದ್ದೀನಿ ಅಕ್ಕಾ. ಮಕ್ಕಳು ಪೂರ್ವ ದಿಕ್ಕಿನ ಒಂದು ಹಲಸಿನ ಮರದ ಎತ್ತರಕ್ಕೆ ಜಗಳವಾಡಿ ಮೂರು ಸಲ ಅಳೆದರು. ಮೂರೂ ಸಲ ಒಂದೆರಡು ಡಿಗ್ರಿ ಆಚೀಚೆ, ಅಷ್ಟೇ.

ಇನ್ನೊಂದು ಕೇಳಬೇಕಿತ್ತು. ನಮ್ಮ ಮಕ್ಕಳಿಗೆ ಮಳೆ ನಕ್ಷತ್ರಗಳ ಹೆಸರು ಬಾಯಿಪಾಠ. ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು ಅಂತ ಸರಾಗವಾಗಿ ಹೇಳ್ತಾರೆ, ಮನೆಯಲ್ಲಿ ಅಜ್ಜಂದಿರು ಹೇಳೋದು ಕೇಳಿ ಕೇಳಿ. ಆದರೆ ಅವು ಆಕಾಶದಲ್ಲಿ ಕಾಣೋ ನಕ್ಷತ್ರಗಳು ಅಂತ ಬಹಳ ಮಕ್ಕಳಿಗೆ ಗೊತ್ತಿಲ್ಲ. "ಆರಿದ್ರಾ ಮಳೆ ಬರೋ ಜೂನ್‌ನಲ್ಲಿ ಆರಿದ್ರಾ ನಕ್ಷತ್ರ ಕಾಣುತ್ತಾ ಸಾ?" ಅಂತ ಒಬ್ಬಳು ಕೇಳಿದಳು. ಇದನ್ನು ಸ್ಟೆಲೇರಿಯಂನಲ್ಲಿ ತೋರಿಸೋಕೆ ಆಗುತ್ತಾ?

ಕಣದ ಮೇಲಿಂದ:

ಆ ಹುಡುಗಿಗೆ ನನ್ನ ಕಡೆಯಿಂದ ಶಾಬಾಸ್ ಹೇಳಿ. ಇದು ನನಗೆ ಅತ್ಯಂತ ಪ್ರಿಯವಾದ ವಿಷಯ, ತಂತ್ರಾಂಶ ಹಾಕಿಕೊಂಡ ಮೇಲೆ ನಾನು ಹೆಚ್ಚು ಹೊತ್ತು ಕಳೆದಿರೋದೂ ಇದರಲ್ಲೇ.

ಉತ್ತರ: ಕಾಣಲ್ಲ. ಕಾಣದೇ ಇರೋದೇ ಅದರ ಗುಟ್ಟು. ಆರಿದ್ರಾ ಮಳೆ ಅಂದರೆ ಸೂರ್ಯ ಆರಿದ್ರಾ ನಕ್ಷತ್ರದ ಭಾಗದಲ್ಲಿರೋ ದಿನಗಳು. ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗೋ ನಕ್ಷತ್ರ ಹಗಲು ಬೆಳಕಿನಲ್ಲಿ ಕಾಣೋದಾದರೂ ಹೇಗೆ? ಆದರೆ ತಂತ್ರಾಂಶದಲ್ಲಿ ಹಗಲನ್ನು ತೆಗೆದುಹಾಕಬಹುದು.

ಎಫ್ 5 ಒತ್ತಿ, ಜೂನ್ 21, ಮಧ್ಯಾಹ್ನ ಹನ್ನೆರಡೂವರೆ ಅಂತ ಹಾಕಿ. ಆಮೇಲೆ ಎ ಒತ್ತಿ. ಎ ಅಂದರೆ ವಾತಾವರಣ, ಅದು ಹೋದ ಕೂಡಲೇ ನೀಲಿ ಆಕಾಶ ಹೋಗಿ ನಡುಹಗಲಲ್ಲೇ ನಕ್ಷತ್ರಗಳೆಲ್ಲ ಎದ್ದು ಬರುತ್ತವೆ. ನೆತ್ತಿಯ ಕಡೆ ನೋಡಿ. ಸೂರ್ಯ ನೆತ್ತಿಯಿಂದ ಒಂದು ಮುಷ್ಟಿ ಉತ್ತರಕ್ಕಿರ್ತಾನೆ. ನೆತ್ತಿಯಿಂದ ಅರ್ಧ ಮುಷ್ಟಿಗಿಂತ ತುಸು ಹೆಚ್ಚು ದಕ್ಷಿಣಕ್ಕೆ ಕೆಂಪಗೆ ಆರಿದ್ರಾ. ಅಂದರೆ ಆ ಹೊತ್ತಿಗೆ ನಮ್ಮ ನೆತ್ತಿಯ ಒಂದು ಬದಿಗೆ ಸೂರ್ಯ, ಇನ್ನೊಂದು ಬದಿಗೆ ಆರಿದ್ರಾ. "ಆರಿದ್ರಾ ಮಳೆ ಆರದೆ ಹುಯ್ಯುತ್ತೆ" ಅಂತ ನಮ್ಮ ಮಾವನವರು ಹೇಳ್ತಿದ್ದರು. ಆ ದಿನಗಳಲ್ಲಿ ಮೋಡದ ಮೇಲೆ ನಿಜಕ್ಕೂ ಏನಿರುತ್ತೆ ಅಂತ ನಾನು ಮೊದಲು ನೋಡಿದ್ದು ಪರದೆಯಲ್ಲೇ.

ಆಮೇಲೆ ತಾರೀಖು ಮುಂದಕ್ಕೆ ಓಡಿಸಿ. ಸಮ ಚಿಹ್ನೆಯ ಕೀಲಿ ಒತ್ತಿದರೆ ಒಂದು ದಿನ ಮುಂದೆ ಹೋಗುತ್ತೆ, ಪಕ್ಕದ ಮೈನಸ್ ಕೀಲಿಗೆ ಒಂದು ದಿನ ಹಿಂದೆ. ಆಗಸ್ಟ್ 23ಕ್ಕೆ ಬನ್ನಿ. ಮಖಾ ನಕ್ಷತ್ರಕ್ಕೂ ಸೂರ್ಯನಿಗೂ ನಡುವೆ ಅರ್ಧ ಡಿಗ್ರಿ ಆಸುಪಾಸು ಅಂತರ, ಅಂದರೆ ಸೂರ್ಯಬಿಂಬದ ಅಗಲದಷ್ಟು. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಅನ್ನೋದು ಇದೇ ಮಖೆಗೆ. ಅಕ್ಟೋಬರ್ 17ರ ಸುಮಾರಿಗೆ ಚಿತ್ತಾ ಪಕ್ಕ ಬರ್ತಾನೆ.

ಇಲ್ಲಿ ಒಂದು ಎಚ್ಚರ ಹೇಳಿಬಿಡಿ. ಎಲ್ಲ ಮಳೆಗೂ ಇಷ್ಟು ಚೆನ್ನಾಗಿ ತಾಳೆ ಬರಲ್ಲ. ಸೂರ್ಯನ ಹಾದಿಯ 360 ಡಿಗ್ರಿಯನ್ನು 27ರಿಂದ ಭಾಗಿಸಿ, 13 ಡಿಗ್ರಿ 20 ಕಲೆಯ (60 ಕಲೆಗೆ ಒಂದು ಡಿಗ್ರಿ) ಸಮಪಾಲು ಮಾಡಿದ್ದಾರೆ. ಒಂದೊಂದು ಮಳೆ ಹದಿಮೂರು ಹದಿನಾಲ್ಕು ದಿನ ಇರೋದು ಅದಕ್ಕೇ. ಪಾಲು ಸಮ, ಆದರೆ ನಕ್ಷತ್ರಗಳು ಸಮ ಅಂತರದಲ್ಲಿ ಹುಟ್ಟಿಲ್ಲ. ಸ್ವಾತಿಯನ್ನು ನೋಡಿ, ಸೂರ್ಯನ ಹಾದಿಯಿಂದ ಮೂರು ಮುಷ್ಟಿ ಉತ್ತರಕ್ಕಿದೆ, ಸೂರ್ಯ ಅದರ ನೇರಕ್ಕೆ ಬರೋದೂ ಚಿತ್ತಾ ಮಳೆ ನಡೀತಿರುವಾಗಲೇ. ಇದನ್ನು ಮುಚ್ಚಿಡದೆ ಮಕ್ಕಳಿಗೆ ತೋರಿಸಿ, ಅವರಿಗೆ ಅರ್ಥವಾಗುತ್ತೆ.

ಒಂಬತ್ತನೇ ತರಗತಿಯವರಿಗೆ ಇನ್ನೊಂದು ಹೆಜ್ಜೆ. ವರ್ಷವನ್ನು 1117 ಮಾಡಿ. ಬೇಲೂರು ಚೆನ್ನಕೇಶವನ ಪ್ರತಿಷ್ಠೆಯಾದ ವರ್ಷ. ಸೂರ್ಯ ಆರಿದ್ರಾ ನೇರಕ್ಕೆ ಯಾವತ್ತು ಬರ್ತಾನೆ ಅಂತ ಹುಡುಕಿಸಿ. ತಾರೀಖು ಮೇ ಕೊನೆ, ಜೂನ್ ಮೊದಲ ದಿನದ ಹತ್ತಿರ ಬರುತ್ತೆ. ಇದರಲ್ಲಿ ಒಂದು ವಾರ ಬರೀ ಕ್ಯಾಲೆಂಡರಿನದು, ಯಾಕೆಂದರೆ 1582ಕ್ಕಿಂತ ಹಿಂದಿನ ದಿನಗಳಿಗೆ ತಂತ್ರಾಂಶ ಹಳೇ ಜೂಲಿಯನ್ ಪದ್ಧತಿ ಬಳಸುತ್ತೆ. ಅದನ್ನು ಕಳೆದರೂ ಸುಮಾರು ಎರಡು ವಾರ ಉಳಿಯುತ್ತೆ. ಭೂಮಿಯ ಅಕ್ಷ ನಿಧಾನವಾಗಿ ತಿರುಗೋದರಿಂದ ಸುಮಾರು 71 ವರ್ಷಕ್ಕೆ ಒಂದು ದಿನದಂತೆ ಆದ ಸರಿತ ಅದು. ವಿಷ್ಣುವರ್ಧನನ ಕಾಲದ ರೈತನಿಗೆ ಆರಿದ್ರಾ ಶುರುವಾಗ್ತಿದ್ದದ್ದು ಋತುವಿನ ಲೆಕ್ಕದಲ್ಲಿ ಇವತ್ತಿಗಿಂತ ಎರಡು ವಾರ ಮೊದಲು. ಹಳೇ ಗಾದೆ ಈಗ ಯಾಕೆ ತಾಳೆ ಬರಲ್ಲ ಅಂತ ಅಜ್ಜಂದಿರು ಕೇಳಿದರೆ ಹೇಳೋ ಕಾರಣಗಳಲ್ಲಿ ಇದೂ ಒಂದು. ಮಳೆಯೇ ಬದಲಾಗಿರೋದು ಬೇರೆ ವಿಷಯ, ಎರಡನ್ನೂ ಬೆರೆಸಬೇಡಿ.

ಎಫ್ 4ರಲ್ಲೇ ಸ್ಕೈ ಕಲ್ಚರ್ ಅಂತ ಪುಟ ಇದೆ, ಅಲ್ಲಿ ಭಾರತದ್ದು ಆಯ್ದುಕೊಂಡರೆ ಗ್ರೀಕ್ ಹೆಸರಿನ ಬದಲು ನಮ್ಮ ನಕ್ಷತ್ರಗಳ ಹೆಸರು ಬರುತ್ತೆ.

ಸಾಲಗಾಮೆ ರಸ್ತೆ:

ನಡುವೆ ಬಾಯಿ ಹಾಕ್ತಿದ್ದೀನಿ. ಹಾಸನದ ಮಕ್ಕಳಿಗೆ ಯಾರಾದರೂ ತೋರಿಸೋದಾದರೆ ಸ್ಟೆಲೇರಿಯಂನ ಉಪಗ್ರಹದ ಪ್ಲಗಿನ್ (ಜೊತೆಗೆ ಸೇರಿಸಿಕೊಳ್ಳೋ ಸಣ್ಣ ತಂತ್ರಾಂಶ) ಬಳಸಿ. ನಮ್ಮೂರಿನಲ್ಲೇ ಇಸ್ರೋದ ಎಂಸಿಎಫ್ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಉಪಗ್ರಹ ನಿಯಂತ್ರಣ ಕೇಂದ್ರ) ಇದೆ, 1982ರಿಂದ ಭೂಸ್ಥಿರ ಉಪಗ್ರಹಗಳನ್ನು ಇಲ್ಲಿಂದ ನಿಯಂತ್ರಿಸ್ತಾರೆ. ಆ ದೊಡ್ಡ ಆ್ಯಂಟೆನಾಗಳು ಏನನ್ನು ನೋಡ್ತಿವೆ ಅಂತ ಊರಿನವರಿಗೇ ಗೊತ್ತಿರಲ್ಲ. ಪ್ಲಗಿನ್‌ನಲ್ಲಿ ಭೂಸ್ಥಿರ ಗುಂಪು ಆಯ್ದು, ಎಲ್ ಒತ್ತಿ ಕಾಲವನ್ನು ವೇಗವಾಗಿ ಓಡಿಸಿ. ನಕ್ಷತ್ರಗಳೆಲ್ಲ ಪಶ್ಚಿಮಕ್ಕೆ ಜಾರುತ್ತವೆ, ಉಪಗ್ರಹಗಳು ಮಾತ್ರ ಇದ್ದಲ್ಲೇ ನಿಂತಿರುತ್ತವೆ, ದಕ್ಷಿಣಕ್ಕೆ ವಾಲಿದ ಒಂದು ಸಾಲಿನಲ್ಲಿ. ಸುಮಾರು 36,000 ಕಿಲೋಮೀಟರ್ ಎತ್ತರ, ಬರಿಗಣ್ಣಿಗೆ ಕಾಣಲ್ಲ. ಮನೆ ಮೇಲಿನ ಡಿಶ್ ಯಾಕೆ ಅಲುಗಾಡದೆ ಒಂದೇ ಕಡೆ ನೋಡುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಉಪಗ್ರಹಗಳ ಪಟ್ಟಿಗೆ ಮಾತ್ರ ನೆಟ್ ಬೇಕು, ತೋರಿಸೋ ಹಿಂದಿನ ದಿನ ಒಮ್ಮೆ ಅಪ್‌ಡೇಟ್ ಮಾಡಿಕೊಳ್ಳಿ.

ಮೂಡಿಗೆರೆ ಮೇಷ್ಟ್ರು:

ಅಕ್ಕಾ, ಹಗಲು ತೆಗೆದು ತೋರಿಸಿದಾಗ ತರಗತಿಯಲ್ಲಿ ಎದ್ದ ಗಲಾಟೆಗೆ ಪಕ್ಕದ ಕೋಣೆಯ ಗಣಿತದ ಮೇಡಂ ಬಂದು ನೋಡಿದರು, ಅವರೂ ಕೂತುಬಿಟ್ಟರು. 36 ಅಳತೆ ಮುಗಿದಿವೆ. ಪಟ್ಟಿ ಹಾಕಿದ ಮೇಲೆ ಒಂದು ವಿಷಯ ಗೊತ್ತಾಯ್ತು: ಉತ್ತರದ ಗುಡ್ಡ 17 ಡಿಗ್ರಿ ಇದೆ. ಹಾಗಾದರೆ ಧ್ರುವ ನಕ್ಷತ್ರ ಶಾಲೆಯಿಂದ ಯಾವತ್ತೂ ಕಾಣಲ್ಲ ಅಲ್ವಾ? ಅದರ ಎತ್ತರ ನಮ್ಮ ಅಕ್ಷಾಂಶದಷ್ಟೇ, 13 ಚಿಲ್ಲರೆ. ಅದನ್ನೂ ಮಕ್ಕಳ ಕೈಯಲ್ಲಿ ಅಳೆಸಬೇಕು ಅಂತಿದ್ದೆ.

ಕಣದ ಮೇಲಿಂದ:

ಕಾಣಲ್ಲ ಮೇಷ್ಟ್ರೇ, ಹದಿಮೂರು ಹದಿನೇಳನ್ನು ದಾಟಲ್ಲ. ಹತ್ತಿರದಲ್ಲಿ ಉತ್ತರಕ್ಕೆ ತೆರೆದ ಗದ್ದೆ ಬಯಲೋ, ಯಾರದಾದರೂ ಕಣವೋ ಇದೆಯಾ ನೋಡಿ. ಕಣವಾದರೆ ಫೆಬ್ರವರಿ ಕಳೆಯಲಿ, ಅಲ್ಲಿವರೆಗೆ ಕಾಫಿ ರಾಶಿ, ಟಾರ್ಪಾಲು ಎಲ್ಲ ಇರುತ್ತೆ, ಮಕ್ಕಳು ತುಳಿದರೆ ತೋಟದವರಿಗೆ ಕಷ್ಟ. ಮಾರ್ಚಿನಲ್ಲಿ ಖಾಲಿ ಇರುತ್ತೆ, ಕೇಳಿದರೆ ಯಾರೂ ಇಲ್ಲ ಅನ್ನಲ್ಲ. ಅಮಾವಾಸ್ಯೆಯ ಆಚೀಚೆ ದಿನ ನೋಡಿಕೊಳ್ಳಿ. ನಿಮ್ಮ ದಿಗಂತದ ಪಟ್ಟಿಯನ್ನು ಇಲ್ಲಿ ಹಾಕಿದರೆ ಆ ಎರಡನೇ ಕಡತ ನಾನೇ ಬರೆದು ಕಳಿಸ್ತೀನಿ, ಅಲ್ಪವಿರಾಮ ಒಂದು ತಪ್ಪಿದರೂ ಅದು ತೆರೆಯಲ್ಲ ಅಂತ ಹಠ ಹಿಡಿಯುತ್ತೆ.